ನೀರಿನೊಳಗಿನ ತಕ್ಕಡಿ: ಚಳಿನೀರಿಗೆ ತಕ್ಕ ತೇಲಂಗಿಯನ್ನು ಆರಿಸುವ ಬಗೆ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನಲ್ಲಿ ದೋಣಿಮಲೈ ಎಂಬ ಬೆಟ್ಟಸಾಲು ಇದೆ. ಹೆಸರಿನಲ್ಲಿಯೇ ದೋಣಿಯಿದ್ದರೂ ಆ ಬೆಟ್ಟ ಪ್ರಸಿದ್ಧವಾಗಿರುವುದು ತೇಲುವ ವಸ್ತುವಿಗಾಗಿ ಅಲ್ಲ, ನೀರಿಗೆ ಹಾಕಿದ ಕ್ಷಣವೇ ತಳ ಕಾಣುವ ವಸ್ತುವಿಗಾಗಿ. ಅದು ಕಬ್ಬಿಣದ ಅದುರಿನ ಬೆಟ್ಟ. 1977ರಿಂದ ಅಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೊಡ್ಡ ಗಣಿ ಕೆಲಸ ನಡೆಸುತ್ತಿದೆ. ಅಲ್ಲಿಂದ ಹೊಸಪೇಟೆಯ ಮಾರ್ಗವಾಗಿ ಹಂಪೆಗೆ ಬಂದು ತುಂಗಭದ್ರೆಯ ದಡದಲ್ಲಿ ನಿಂತರೆ ಇದಕ್ಕೆ ತೀರ ವಿರುದ್ಧವಾದ ನೋಟ ಕಾಣುತ್ತದೆ. ಬುಟ್ಟಿಯಂತೆ ದುಂಡಗಿರುವ ಹರಿಗೋಲು ಹತ್ತಾರು ಜನರನ್ನು ಹೊತ್ತು, ಮೆಲ್ಲಮೆಲ್ಲನೆ ತಿರುಗುತ್ತ, ಆನೆಗೊಂದಿಯ ಕಡೆಗೆ ಸಾಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳನ್ನು ಕಂಡು ಬೆರಗಾಗಿ, ಅವು ಹೊರಗೆ ತೊಗಲು ಹೊದಿಸಿದ ಬುಟ್ಟಿಗಳೆಂದೂ ಹದಿನೈದು ಇಪ್ಪತ್ತು ಮಂದಿಯನ್ನು ಹೊರುವುವೆಂದೂ ಬರೆದಿಟ್ಟಿದ್ದಾನೆ.

ಮುಳುಗುವ ಅದುರು ಮತ್ತು ತೇಲುವ ಹರಿಗೋಲು ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದುಂಟು. ಮುಳುಗದೆಯೂ ಮೇಲೇಳದೆಯೂ ನೀರಿನ ನಡುವೆ ನಿಂತಲ್ಲಿಯೇ ನಿಲ್ಲುವುದು ಆ ಸ್ಥಿತಿ. ಮೀನು ಇದನ್ನು ಹುಟ್ಟಿನಿಂದಲೇ ಬಲ್ಲದು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿಗಿಳಿಯುವ ಸ್ಕೂಬಾ ಮುಳುಗುಗಾರನು ಮಾತ್ರ ಅದನ್ನು ಕಲಿಯಬೇಕು. ಇದರಲ್ಲಿ ಅವನಿಗೆ ನೆರವಾಗುವ ಸಾಧನವನ್ನು ಬಾಯನ್ಸಿ ಕಾಂಪೆನ್ಸೇಟರ್ ಎಂದೂ ಸಂಕ್ಷೇಪವಾಗಿ ಬಿ.ಸಿ. ಎಂದೂ ಕರೆಯುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ತೇಲಂಗಿ ಎಂದು ಕರೆಯೋಣ. ಚಳಿನೀರಿಗೆ ಇಳಿಯುವವನು ಎಂತಹ ತೇಲಂಗಿಯನ್ನು ಆರಿಸಬೇಕು, ಏಕೆ ಆರಿಸಬೇಕು ಎಂಬುದೇ ಇಂದಿನ ನಮ್ಮ ಪಾಠ. ಇದು ಅಂಗಡಿಯ ಪ್ರಶ್ನೆಯಂತೆ ಕಂಡರೂ ವಾಸ್ತವವಾಗಿ ಪ್ರೌಢಶಾಲೆಯ ಭೌತವಿಜ್ಞಾನದ ಪ್ರಶ್ನೆ. ಉತ್ತರ ತಪ್ಪಿದರೆ ಕಳೆದುಹೋಗುವುದು ಅಂಕವಲ್ಲ, ಪ್ರಾಣ.

ಹರಿಗೋಲಿನ ಲೆಕ್ಕ

ದ್ರವದಲ್ಲಿ ಮುಳುಗಿದ ವಸ್ತುವಿನ ಮೇಲೆ, ಅದು ಪಕ್ಕಕ್ಕೆ ಸರಿಸಿದ ದ್ರವದ ತೂಕಕ್ಕೆ ಸಮನಾದ ಬಲವು ಮೇಲ್ಮುಖವಾಗಿ ವರ್ತಿಸುತ್ತದೆ. ಇದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸ್ ಕಂಡುಕೊಂಡ ತತ್ತ್ವ. ಈ ಬಲಕ್ಕೆ ಪ್ಲವನಬಲವೆಂದು ಹೆಸರು. ಒಂದು ಲೀಟರು ಸಿಹಿನೀರಿನ ತೂಕ ಒಂದು ಕಿಲೋಗ್ರಾಂ ಆದುದರಿಂದ, ಎಷ್ಟು ಲೀಟರು ನೀರನ್ನು ಸರಿಸಿದರೆ ಅಷ್ಟು ಕಿಲೋಗ್ರಾಂ ಮೇಲೊತ್ತು ದೊರೆಯುತ್ತದೆ.

ಎರಡೂವರೆ ಮೀಟರು ಅಡ್ಡಳತೆಯ ಹರಿಗೋಲೊಂದನ್ನು ತೆಗೆದುಕೊಳ್ಳೋಣ. ಅದರ ತಳ ಸಪಾಟೆಂದು ಭಾವಿಸಿದರೆ ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರು. ಹರಿಗೋಲು ಒಂದು ಸೆಂಟಿಮೀಟರು ತಗ್ಗಿದರೆ 49 ಲೀಟರು ನೀರು ಸರಿಯುತ್ತದೆ. ಎಂದರೆ 49 ಕಿಲೋಗ್ರಾಂ ತೂಕದ ಹುಡುಗನೊಬ್ಬನು ಹತ್ತಿದರೆ ಹರಿಗೋಲು ತಗ್ಗುವುದು ಒಂದೇ ಸೆಂಟಿಮೀಟರು. ಹೊರೆ ಹೆಚ್ಚಿದಷ್ಟೂ ಅದು ತಾನಾಗಿ ಇನ್ನಷ್ಟು ತಗ್ಗಿ, ಇನ್ನಷ್ಟು ನೀರನ್ನು ಸರಿಸಿ, ಬೇಕಾದ ಮೇಲೊತ್ತನ್ನು ತಾನೇ ಸಂಪಾದಿಸಿಕೊಳ್ಳುತ್ತದೆ. ಕೆಳಕ್ಕೊತ್ತಿದರೆ ಮೇಲಕ್ಕೆ ಬರುತ್ತದೆ, ಮೇಲಕ್ಕೆತ್ತಿದರೆ ಕೆಳಕ್ಕಿಳಿಯುತ್ತದೆ. ಇಂತಹ ಸಮತೋಲಕ್ಕೆ ಸ್ಥಿರ ಸಮತೋಲವೆನ್ನುತ್ತೇವೆ. ಬಟ್ಟಲಿನ ತಳದಲ್ಲಿಟ್ಟ ಗೋಲಿಯನ್ನು ಅತ್ತಿತ್ತ ತಳ್ಳಿದರೂ ಅದು ಮರಳಿ ತಳಕ್ಕೇ ಬರುವಂತೆ ಇದು.

ನದಿಯನ್ನು ದಾಟುವಾಗ ಅಂಬಿಗನು ನಮಗೆ ಹೇಳಿದ ಮಾತೊಂದು ಇಲ್ಲಿ ನೆನಪಾಗುತ್ತದೆ: “ಅಂಚಿಗೆ ನಿಂದ್ರಬ್ಯಾಡ್ರಿ, ನಡುವ ಕುಂದರ್ರಿ.” ಹೊರೆ ಎಷ್ಟೆಂಬುದರ ಜೊತೆಗೆ ಅದು ಎಲ್ಲಿದೆಯೆಂಬುದೂ ಮುಖ್ಯವೆಂಬುದೇ ಈ ಮಾತಿನ ಸಾರ. ಇದರ ಬೆಲೆ ಮುಂದೆ ನಮಗೆ ತಿಳಿಯುತ್ತದೆ.

ಮುಳುಗುಗಾರನ ಸಂಕಟ

ಈಗ ಹರಿಗೋಲಿನಿಂದಿಳಿದು ನೀರಿನೊಳಗಿರುವ ಮುಳುಗುಗಾರನನ್ನು ನೋಡೋಣ. ಅವನ ದೇಹ, ರಬ್ಬರಿನ ಉಡುಪು, ಸಿಲಿಂಡರು, ಸೀಸದ ತುಂಡುಗಳು ಇವೆಲ್ಲವುಗಳ ಒಟ್ಟು ತೂಕವು ಅವು ಸರಿಸಿದ ನೀರಿನ ತೂಕಕ್ಕೆ ಸರಿಸಮನಾಗಿದ್ದರೆ ಅವನು ತೂಗಿ ನಿಂತ ತಕ್ಕಡಿಯಂತೆ ನಿಲ್ಲುತ್ತಾನೆ. ಆದರೆ ಈ ತಕ್ಕಡಿ ಹರಿಗೋಲಿನಂತಹುದಲ್ಲ.

1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಉಷ್ಣತೆ ಬದಲಾಗದಿದ್ದರೆ, ಅನಿಲದ ಮೇಲಿನ ಒತ್ತಡ ಇಮ್ಮಡಿಯಾದಾಗ ಅದರ ಗಾತ್ರ ಅರ್ಧವಾಗುತ್ತದೆ. ಕಡಲಿನ ಮೇಲ್ಮೈಯಲ್ಲಿ ಒತ್ತಡ ಒಂದು ವಾಯುಭಾರ. ಸುಮಾರು 10 ಮೀಟರು ಆಳದಲ್ಲಿ ಎರಡು, 20 ಮೀಟರಿನಲ್ಲಿ ಮೂರು, 30 ಮೀಟರಿನಲ್ಲಿ ನಾಲ್ಕು. ಮೇಲೆ 12 ಲೀಟರು ಇದ್ದ ಗಾಳಿ ಈ ಆಳಗಳಲ್ಲಿ ಕ್ರಮವಾಗಿ 6, 4 ಮತ್ತು 3 ಲೀಟರಿಗೆ ಕುಗ್ಗುತ್ತದೆ.

ಮುಳುಗುಗಾರನ ಉಡುಪಿನಲ್ಲಿ ಗಾಳಿಯುಂಟು. ಆದುದರಿಂದ ಅವನು ಸ್ವಲ್ಪ ಕೆಳಗಿಳಿದರೆ ಆ ಗಾಳಿ ಕುಗ್ಗುತ್ತದೆ. ಅವನು ಸರಿಸುವ ನೀರು ಕಡಿಮೆಯಾಗಿ ಮೇಲೊತ್ತು ತಗ್ಗುತ್ತದೆ. ಅವನು ಇನ್ನೂ ಕೆಳಗಿಳಿಯುತ್ತಾನೆ. ಸ್ವಲ್ಪ ಮೇಲೇರಿದರೆ ಗಾಳಿ ಹಿಗ್ಗಿ, ಮೇಲೊತ್ತು ಹೆಚ್ಚಿ, ಇನ್ನೂ ಬೇಗ ಮೇಲೇರುತ್ತಾನೆ. ಇದು ಬೋರಲು ಹಾಕಿದ ಬಟ್ಟಲಿನ ನೆತ್ತಿಯ ಮೇಲಿಟ್ಟ ಗೋಲಿ. ಎತ್ತ ಜಾರಿದರೆ ಅತ್ತಲೇ ಉರುಳುವ ಇಂತಹ ಸಮತೋಲವನ್ನು ಅಸ್ಥಿರ ಸಮತೋಲ ಎನ್ನುತ್ತೇವೆ.

ಕೆಳಗೆ ಉರುಳಿದರೆ ಆಳದ ಅಪಾಯ. ಮೇಲಕ್ಕೆ ಉರುಳುವುದಂತೂ ಇನ್ನೂ ಭಯಂಕರ. ಆಳದಲ್ಲಿ ಸಂಪೀಡಿತ ವಾಯುವನ್ನು ಉಸಿರಾಡಿದವನು ಉಸಿರು ಬಿಗಿಹಿಡಿದು ವೇಗವಾಗಿ ಮೇಲೆ ಬಂದರೆ ಶ್ವಾಸಕೋಶದಲ್ಲಿರುವ ಗಾಳಿ ಹಿಗ್ಗಿ ಅದರ ಗೋಡೆಯನ್ನೇ ಹರಿಯಬಲ್ಲದು. 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿಯೇ ಗಾಳಿ ಇಮ್ಮಡಿಯಾಗುವುದರಿಂದ, ಕೊನೆಯ ಹತ್ತು ಮೀಟರುಗಳೇ ಅತ್ಯಂತ ಅಪಾಯಕರವಾದವು. ಇದಲ್ಲದೆ, ರಕ್ತದಲ್ಲಿ ಕರಗಿದ ಸಾರಜನಕವು ಸೋಡಾ ಬಾಟಲಿಯನ್ನು ತೆರೆದಾಗಿನಂತೆ ಗುಳ್ಳೆಗಳಾಗಿ ಹೊರಬಿದ್ದು ಪಾರ್ಶ್ವವಾಯುವನ್ನು ತರಬಹುದು. ಆದುದರಿಂದಲೇ ನಿಮಿಷಕ್ಕೆ 9–10 ಮೀಟರಿಗಿಂತ ವೇಗವಾಗಿ ಮೇಲೇರಬಾರದೆಂದು ಬೋಧಕರು ಕಟ್ಟುನಿಟ್ಟಾಗಿ ಕಲಿಸುತ್ತಾರೆ.

ಮೀನು ಈ ಸಮಸ್ಯೆಯನ್ನು ಬಿಡಿಸಿಕೊಂಡ ಬಗೆಯನ್ನು ಗಮನಿಸಿ. ತುಂಗಭದ್ರೆಯ ಕಾಟ್ಲ, ರೋಹು ಮುಂತಾದ ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲವೊಂದಿದೆ. ಆಳಕ್ಕೆ ತಕ್ಕಂತೆ ಅದರೊಳಗಿನ ಅನಿಲವನ್ನು ಹೆಚ್ಚಿಸಿ, ತಗ್ಗಿಸಿ ಮೀನು ತನ್ನ ತೂಕವನ್ನು ಸರಿದೂಗಿಸುತ್ತದೆ. ಮನುಷ್ಯನಿಗೆ ನಿಸರ್ಗವು ಇದನ್ನು ಕೊಡಲಿಲ್ಲ. ಅವನು ಅದನ್ನು ಹೊಲಿದು ತೊಟ್ಟುಕೊಳ್ಳಬೇಕಾಯಿತು.

ತೊಗಲಿನ ಚೀಲದಿಂದ ತೇಲಂಗಿಗೆ

ಗಾಳಿ ತುಂಬಿದ ಚೀಲದ ನೆರವಿನಿಂದ ನೀರನ್ನು ಗೆಲ್ಲುವ ಯೋಚನೆ ಹಳೆಯದು. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಅಸ್ಸೀರಿಯದ ಅರಮನೆಯ ಶಿಲಾಫಲಕದಲ್ಲಿ, ಉಬ್ಬಿಸಿದ ಮೇಕೆಯ ತೊಗಲನ್ನು ಅಪ್ಪಿಕೊಂಡು ಹೊಳೆ ಈಜುವ ಮನುಷ್ಯರ ಚಿತ್ರಗಳಿವೆ; ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಮಕ್ಕಳಿಗೆ ಈಜು ಕಲಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಮನ್ನಾರ್ ಖಾರಿಯ ಮುತ್ತಿನ ಮುಳುಗುಗಾರರು ಇದಕ್ಕೆ ವಿರುದ್ಧವಾಗಿ, ಬೇಗ ಕೆಳಗಿಳಿಯಲು ಕಲ್ಲಿನ ಭಾರವನ್ನು ಬಳಸುತ್ತಿದ್ದರು.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಎಂಬವರು ಅಕ್ವಾಲಂಗ್ ಎಂಬ ಉಸಿರಾಟದ ಸಾಧನವನ್ನು ಸಿದ್ಧಪಡಿಸಿದರು. 1952ರಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಗುಳ್ಳೆಗಳಿಂದ ಕೂಡಿದ ನಿಯೋಪ್ರೀನ್ ರಬ್ಬರಿನ ವೆಟ್‌ಸೂಟನ್ನು ರೂಪಿಸಿದನು. ಈ ಉಡುಪು ಚಳಿಯನ್ನು ತಡೆದರೂ ಆಳದಲ್ಲಿ ಕುಗ್ಗುವ ತೊಡಕನ್ನು ತನ್ನೊಡನೆ ತಂದಿತು. 1961ರಲ್ಲಿ ಫ್ರಾನ್ಸಿನ ಮಾರಿಸ್ ಫೆಂಜಿ, ನೀರಿನೊಳಗೆ ಗಾಳಿ ತುಂಬಿ ತೆಗೆಯಬಹುದಾದ ಕೊರಳಚೀಲಕ್ಕೆ ಪೇಟೆಂಟು ಪಡೆದನು. ಇಂದಿನ ತೇಲಂಗಿಗಳೆಲ್ಲವೂ ಆ ದಾರಿಯಲ್ಲಿ ಬಂದವು. ಸಿಲಿಂಡರಿನಿಂದ ಬರುವ ಕೊಳವೆಯ ಗುಂಡಿಯೊಂದನ್ನು ಒತ್ತಿದರೆ ಚೀಲಕ್ಕೆ ಗಾಳಿ ಸೇರುತ್ತದೆ. ಇನ್ನೊಂದನ್ನು ಒತ್ತಿದರೆ ಗಾಳಿ ಹೊರಹೋಗುತ್ತದೆ. ಬೋರಲು ಬಟ್ಟಲಿನ ಮೇಲಿನ ಗೋಲಿಯನ್ನು ಬೆರಳಿನಿಂದ ಅತ್ತಿತ್ತ ತಡೆದು ನಿಲ್ಲಿಸುವ ಕೆಲಸವನ್ನು ಈ ಎರಡು ಗುಂಡಿಗಳು ಮಾಡುತ್ತವೆ.

ಚಳಿನೀರು ಏಕೆ ಬೇರೆ?

ಉತ್ತರ ಕನ್ನಡದ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮುಳುಗು ನಡೆಯುತ್ತದೆ. ಅಲ್ಲಿನ ಕಡಲು ಬೆಚ್ಚಗಿರುವುದರಿಂದ 3 ಮಿಲಿಮೀಟರು ದಪ್ಪದ ತೆಳು ಉಡುಪು ಸಾಕು. ಆದರೆ ಉನ್ನತ ವ್ಯಾಸಂಗಕ್ಕೆಂದು ಯೂರೋಪಿಗೆ ಹೋದ ನಮ್ಮ ನಾಡಿನ ತರುಣರು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಂತಹ ಕೊಲ್ಲಿಗೆ ಇಳಿದರೆ ಕಥೆ ಬೇರೆಯಾಗುತ್ತದೆ. 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿದ ಸ್ಥಳವದು. ಉಳಿದಿರುವ ಹಡಗುಗಳನ್ನು ನೋಡಲು ಇಂದಿಗೂ ಮುಳುಗುಗಾರರು ಹೋಗುತ್ತಾರೆ. ಅಲ್ಲಿ ಬೇಸಿಗೆಯಲ್ಲಿಯೂ ನೀರು ಕೊರೆಯುವಂತಿರುತ್ತದೆ. ಚಳಿದೇಶಗಳ ಆಳವಾದ ಸರೋವರಗಳ ತಳದಲ್ಲಿಯಂತೂ ವರ್ಷವಿಡೀ ಸುಮಾರು 4 ಡಿಗ್ರಿ ಸೆಂಟಿಗ್ರೇಡ್. ಏಕೆಂದರೆ ನೀರು ಅತ್ಯಂತ ಸಾಂದ್ರವಾಗಿರುವುದು ಆ ಉಷ್ಣತೆಯಲ್ಲಿಯೇ. ಉಸಿರಾಟದ ಸಾಧನಗಳನ್ನು ಪರೀಕ್ಷಿಸುವ ಯೂರೋಪಿನ ಮಾನಕವು 10 ಡಿಗ್ರಿಗಿಂತ ತಂಪಾದುದನ್ನು ಚಳಿನೀರೆಂದು ಎಣಿಸುತ್ತದೆ.

ನೀರಿನ ಉಷ್ಣವಾಹಕತೆ ಗಾಳಿಯ ಉಷ್ಣವಾಹಕತೆಯ ಸುಮಾರು 24 ಪಟ್ಟು. ಆದುದರಿಂದ ಚಳಿನೀರಿನಲ್ಲಿ 7 ಮಿಲಿಮೀಟರು ದಪ್ಪದ ವೆಟ್‌ಸೂಟು, ಇಲ್ಲವೆ ಒಳಗೆ ನೀರನ್ನೇ ಬಿಡದ ಡ್ರೈಸೂಟು ಬೇಕು. ಉಡುಪು ದಪ್ಪವಾದಷ್ಟೂ ಅದರಲ್ಲಿ ಗಾಳಿ ಹೆಚ್ಚು. ಗಾಳಿ ಹೆಚ್ಚಾದಷ್ಟೂ ನಮ್ಮ ತಕ್ಕಡಿ ಹೆಚ್ಚು ಚಂಚಲ. ಚಳಿನೀರಿನ ತೇಲಂಗಿ ಬೆಚ್ಚನೀರಿನದಕ್ಕಿಂತ ಬೇರೆಯಾಗಿರಬೇಕಾದುದು ಇದರಿಂದಲೇ.

ಎಷ್ಟು ಲೀಟರಿನ ಚೀಲ ಬೇಕು?

ಈಗ ಲೆಕ್ಕಕ್ಕೆ ಕೂಡೋಣ. ಪ್ರೌಢ ಮನುಷ್ಯನ ಮೈಯ ಹೊರವಿಸ್ತೀರ್ಣ ಸುಮಾರು 2 ಚದರ ಮೀಟರು. ಅದರ ಮೇಲೆ 7 ಮಿಲಿಮೀಟರು ದಪ್ಪದ ಉಡುಪು ಹೊದಿಸಿದರೆ ಉಡುಪಿನ ಗಾತ್ರ 14 ಲೀಟರು. ಇದರಲ್ಲಿ 10 ಲೀಟರು ಗಾಳಿಯ ಗುಳ್ಳೆಗಳೆಂದೂ ಉಳಿದುದು ರಬ್ಬರೆಂದೂ ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. 30 ಮೀಟರು ಆಳದಲ್ಲಿ ಆ 10 ಲೀಟರು ಕಾಲು ಭಾಗಕ್ಕೆ, ಎಂದರೆ ಎರಡೂವರೆ ಲೀಟರಿಗೆ ಕುಗ್ಗುತ್ತದೆ. ಹೀಗೆ ಕಳೆದುಹೋದ ಮೇಲೊತ್ತು ಏಳೂವರೆ ಕಿಲೋಗ್ರಾಂ. (ರಬ್ಬರು ಸ್ವಲ್ಪ ಪ್ರತಿರೋಧ ತೋರುವುದರಿಂದ ವಾಸ್ತವದಲ್ಲಿ ನಷ್ಟ ಇದಕ್ಕಿಂತ ಕೊಂಚ ಕಡಿಮೆ.) 3 ಮಿಲಿಮೀಟರಿನ ಉಡುಪಿನಲ್ಲಿ ಇದೇ ನಷ್ಟ ಸುಮಾರು 3.2 ಕಿಲೋಗ್ರಾಂ ಮಾತ್ರ.

ಎರಡನೆಯ ಹೊರೆ ಗಾಳಿಯದು. ಗಾಳಿಗೂ ತೂಕವುಂಟೆಂಬುದನ್ನು ಹೊಸಬರು ಮರೆಯುತ್ತಾರೆ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಮೇಲ್ಮೈಯ ಲೆಕ್ಕದಲ್ಲಿ 2,400 ಲೀಟರು, ಲೀಟರಿಗೆ 1.2 ಗ್ರಾಂನಂತೆ ಅದರ ತೂಕ ಸುಮಾರು 2.9 ಕಿಲೋಗ್ರಾಂ. 50 ಬಾರ್ ಉಳಿಯುವವರೆಗೆ ಉಸಿರಾಡಿದರೆ 2.2 ಕಿಲೋಗ್ರಾಂ ತೂಕ ಕಳೆದಿರುತ್ತದೆ. ಕೊನೆಯಲ್ಲಿ ಹಗುರಾಗಿ ತಾನಾಗಿ ತೇಲಿಹೋಗಬಾರದೆಂದರೆ ಆರಂಭದಲ್ಲಿ ಮುಳುಗುಗಾರನು ಇಷ್ಟು ಭಾರ ಹೆಚ್ಚಾಗಿ ಇರಲೇಬೇಕು.

ಎರಡನ್ನೂ ಕೂಡಿಸಿದರೆ 9.7, ಎಂದರೆ ಸುಮಾರು 10 ಕಿಲೋಗ್ರಾಂ. 30 ಮೀಟರಿನಲ್ಲಿ ಸಮತೋಲಕ್ಕೆ ಬರಲು ತೇಲಂಗಿಯಲ್ಲಿ 10 ಲೀಟರು ಗಾಳಿ ಬೇಕು. ತುಸು ಭದ್ರತೆಯನ್ನು ಸೇರಿಸಿದರೆ 14ರಿಂದ 16 ಲೀಟರಿನ ಚೀಲ ಒಂದು ಸಿಲಿಂಡರಿನ ಚಳಿನೀರಿನವನಿಗೆ ಸಾಕು. ಬೆಚ್ಚನೀರಿನವನ ಲೆಕ್ಕ ಐದೂವರೆ ಕಿಲೋಗ್ರಾಮಿಗೇ ಮುಗಿಯುತ್ತದೆ. ನೇತ್ರಾಣಿಗೆಂದು ಕೊಂಡ ಚಿಕ್ಕ ತೇಲಂಗಿಯನ್ನು ಚಳಿನೀರಿಗೆ ಒಯ್ಯಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಡ್ರೈಸೂಟು ತೊಟ್ಟವನ ಲೆಕ್ಕ ಬೇರೆ ಬಗೆಯದು. ಅವನು ಕೆಳಗಿಳಿದಂತೆ ಉಡುಪಿನೊಳಕ್ಕೇ ಗಾಳಿ ಸೇರಿಸುತ್ತ ಹೋಗುವುದರಿಂದ ಅವನ ಮೇಲೊತ್ತು ಬಹಳವಾಗಿ ಬದಲಾಗದು. ಹಾಗಾದರೆ ಚಿಕ್ಕ ತೇಲಂಗಿ ಸಾಲದೆ ಎಂದು ಕೇಳಬಹುದು. ಸಾಲದು. ಕೊರಳಪಟ್ಟಿಯೋ ಜಿಪ್ಪೋ ಹರಿದು ಉಡುಪಿಗೆ ನೀರು ನುಗ್ಗಿದರೆ, ಒಳಗಿನ ದಪ್ಪ ಉಣ್ಣೆಯಂತಹ ಬಟ್ಟೆಯಲ್ಲಿದ್ದ 10–12 ಲೀಟರು ಗಾಳಿ ಒಮ್ಮೆಲೇ ಹೋಗಿಬಿಡಬಹುದು. ಅಂದು ಅವನನ್ನು ಎತ್ತಿ ಹಿಡಿಯುವುದು ತೇಲಂಗಿಯೊಂದೇ. ಆದುದರಿಂದ ಅವನಿಗೂ 16 ಲೀಟರಿನ ಆಸುಪಾಸು ಬೇಕು. ಜೋಡಿ ಸಿಲಿಂಡರು ಹೊರುವವನಿಗೆ ಗಾಳಿಯ ತೂಕವೇ 6 ಕಿಲೋಗ್ರಾಂ ಸಮೀಪಿಸುವುದರಿಂದ 20 ಲೀಟರಿನದು ಬೇಕಾದೀತು.

ದೊಡ್ಡದಾದಷ್ಟೂ ಒಳ್ಳೆಯದೆ?

ಅಂಗಡಿಯವರು ದೊಡ್ಡದನ್ನೇ ಹೊಗಳುವುದುಂಟು. ಆದರೆ ಲೆಕ್ಕ ಬೇರೆ ಹೇಳುತ್ತದೆ. 30 ಮೀಟರಿನಲ್ಲಿ 10 ಲೀಟರು ಗಾಳಿ ತುಂಬಿಕೊಂಡು ನಿಂತವನು ಅದನ್ನು ಹೊರಬಿಡುವುದನ್ನು ಮರೆತು 10 ಮೀಟರಿಗೆ ಏರಿದನೆನ್ನೋಣ. ಒತ್ತಡ ನಾಲ್ಕರಿಂದ ಎರಡಕ್ಕೆ ಇಳಿದುದರಿಂದ ಆ ಗಾಳಿ 20 ಲೀಟರಾಗಲು ಹವಣಿಸುತ್ತದೆ. ಅಲ್ಲಿ ಅವನಿಗೆ ಬೇಕಾದುದು ಉಡುಪಿನ ನಷ್ಟ 5, ಸಿಲಿಂಡರಿನ ಗಾಳಿ ಹೆಚ್ಚೆಂದರೆ 2.2, ಒಟ್ಟು 7.2 ಲೀಟರು ಮಾತ್ರ. ಚೀಲವು 25 ಲೀಟರಿನದಾದರೆ ಅವನನ್ನು ಮೇಲಕ್ಕೆ ಎಸೆಯುವ ಬಲ 12.8 ಕಿಲೋಗ್ರಾಂ. 16 ಲೀಟರಿನದಾದರೆ ಹೆಚ್ಚಿನ ಗಾಳಿ ಸುರಕ್ಷಾ ಕವಾಟದಿಂದ ಹೊರಬಿದ್ದು ಆ ಬಲ 8.8ಕ್ಕೆ ನಿಲ್ಲುತ್ತದೆ. ಎರಡೂ ಅಪಾಯವೇ, ಆದರೆ ಚೀಲ ದೊಡ್ಡದಾದಂತೆ ತಪ್ಪಿನ ಬೆಲೆಯೂ ದೊಡ್ಡದಾಗುತ್ತದೆ. ಬಟ್ಟೆಯ ಮಡಿಕೆಗಳಲ್ಲಿ ಸಿಕ್ಕಿಕೊಂಡ ಗಾಳಿ ಬೇಗ ಹೊರಬಾರದು, ನೀರಿನ ಎಳೆತವೂ ಹೆಚ್ಚು. ಆದುದರಿಂದ ನಿಯಮವಿಷ್ಟು: ಲೆಕ್ಕ ಕೇಳುವಷ್ಟು, ಅದರ ಮೇಲೆ ತುಸು ಭದ್ರತೆ, ಅದಕ್ಕಿಂತ ಹೆಚ್ಚಲ್ಲ.

ಸೀಸವೋ, ಸಂಡೂರಿನ ಅದುರೋ?

ತೇಲಂಗಿಯ ಇನ್ನೊಂದು ಮುಖವೇ ಭಾರ. ದಪ್ಪ ಉಡುಪನ್ನು ನೀರಿನೊಳಕ್ಕೆ ಒಯ್ಯಲು ಸೊಂಟದ ಪಟ್ಟಿಗೆ ಸೀಸದ ತುಂಡುಗಳನ್ನು ಪೋಣಿಸುತ್ತಾರೆ. ಸೀಸವೇ ಏಕೆ? ಸಿಹಿನೀರಿನೊಳಗೆ 10 ಕಿಲೋಗ್ರಾಂ ಕೆಳಸೆಳೆತ ಬೇಕೆಂದು ಇಟ್ಟುಕೊಳ್ಳೋಣ. ಹಂಪೆಯ ಬೆಣಚುಕಲ್ಲಿನ ಬಂಡೆಯ (ಸಾಂದ್ರತೆ 2.65) ತುಂಡುಗಳನ್ನು ಕಟ್ಟಿಕೊಂಡರೆ 16.1 ಕಿಲೋಗ್ರಾಂ ಹೊರಬೇಕು. ಅವುಗಳ ಗಾತ್ರ 6 ಲೀಟರು. ಸಂಡೂರಿನ ಬೆಟ್ಟಗಳಲ್ಲಿರುವ ಹೆಮಟೈಟ್ ಅದುರಿನ ಶುದ್ಧ ಹರಳಾದರೆ (ಸಾಂದ್ರತೆ 5.26) 12.3 ಕಿಲೋಗ್ರಾಂ ಸಾಕು, ಗಾತ್ರ 2.3 ಲೀಟರು. ಅದನ್ನು ಕರಗಿಸಿ ತೆಗೆದ ಕಬ್ಬಿಣವಾದರೆ (7.87) 11.5 ಕಿಲೋಗ್ರಾಂ, ಗಾತ್ರ ಒಂದೂವರೆ ಲೀಟರು. ಸೀಸವಾದರೆ (11.34) ಕೇವಲ 11 ಕಿಲೋಗ್ರಾಂ, ಗಾತ್ರ ಒಂದು ಲೀಟರಿಗೂ ಕಡಿಮೆ. ಸಾಂದ್ರತೆ ಹೆಚ್ಚಿದಷ್ಟೂ ನೀರು ಕದಿಯುವ ತೂಕ ಕಡಿಮೆ.

ಹಾಗೆಂದು ಕಬ್ಬಿಣಕ್ಕೆ ಇಲ್ಲಿ ಸ್ಥಾನವಿಲ್ಲವೆಂದಲ್ಲ. ಚಳಿನೀರಿನವರು ಬೆನ್ನಿಗೆ ಕಟ್ಟುವ ತುಕ್ಕುಹಿಡಿಯದ ಉಕ್ಕಿನ ಫಲಕ ಎರಡೂವರೆ ಮೂರು ಕಿಲೋಗ್ರಾಂ ತೂಗುತ್ತದೆ. ಉಕ್ಕಿನ ಸಿಲಿಂಡರೂ ಭಾರದ ಒಂದು ಪಾಲನ್ನು ವಹಿಸಿಕೊಳ್ಳುತ್ತದೆ. ಅಲ್ಯುಮಿನಿಯಮ್ಮಿನ ಸಾಮಾನ್ಯ ಸಿಲಿಂಡರಾದರೋ ತುಂಬಿದಾಗ ಮುಳುಗಿ, ಬರಿದಾದಾಗ ತೇಲಲೆಳಸುತ್ತದೆ. ಅದಕ್ಕೆಂದು ಇನ್ನಷ್ಟು ಸೀಸ ಹೊರಬೇಕು.

ಅಂಬಿಗನ ಮಾತನ್ನು ಈಗ ನೆನೆಯೋಣ. ಭಾರವೆಲ್ಲ ಸೊಂಟದಲ್ಲಿಯೂ ಗಾಳಿಯೆಲ್ಲ ಹೆಗಲಿನಲ್ಲಿಯೂ ಇದ್ದರೆ ಮುಳುಗುಗಾರನು ಕಾಲು ಜೋತು ನೆಟ್ಟಗೆ ನಿಲ್ಲುತ್ತಾನೆ. ಪ್ರತಿ ಒದೆತವೂ ಅವನನ್ನು ಮುಂದಕ್ಕೊಯ್ಯದೆ ಮೇಲಕ್ಕೆ ತಳ್ಳುತ್ತದೆ. ಗುರುತ್ವಕೇಂದ್ರವೂ ಪ್ಲವನಕೇಂದ್ರವೂ ಒಂದರ ಸಮೀಪದಲ್ಲೊಂದು ಇದ್ದರೆ ಮಾತ್ರ ಮೀನಿನಂತೆ ಅಡ್ಡಲಾಗಿ ನಿಲ್ಲುವುದು ಸಾಧ್ಯ. ಅಲ್ಲದೆ, ಸೀಸವನ್ನೆಲ್ಲ ತೇಲಂಗಿಯ ಜೇಬುಗಳಿಗೇ ತುಂಬಿದರೆ, ಅದನ್ನು ನೀರಿನಲ್ಲಿ ಕಳಚಿದೊಡನೆ ತೇಲಂಗಿ ಮುಳುಗಿ, ಉಡುಪು ತೊಟ್ಟವನು ಬುರುಡೆಯಂತೆ ತೇಲಿಹೋದಾನು. ಆದುದರಿಂದ ಸೀಸವನ್ನು ಹಂಚಿಡಬೇಕು. ಒಂದು ಪಾಲನ್ನಾದರೂ ಆಪತ್ತಿನಲ್ಲಿ ಒಂದೇ ಎಳೆತಕ್ಕೆ ಕಳಚಿಬೀಳುವಂತೆ ಇಡಬೇಕು.

ಮೂರು ಬಗೆಯ ತೇಲಂಗಿಗಳು

ಕೊರಳಚೀಲದ ಹಳೆಯ ಬಗೆ ಈಗ ಅಪರೂಪ. ಎರಡನೆಯದು ಕೋಟಿನಂತಹ ಜಾಕೆಟ್ಟು. ಇದರಲ್ಲಿ ಗಾಳಿ ಪಕ್ಕೆಗಳ ಸುತ್ತಲೂ ಹರಡುತ್ತದೆ. ಮೇಲ್ಮೈಯಲ್ಲಿ ತಲೆಯೆತ್ತಿ ನಿಲ್ಲಲು ಇದು ಸುಖಕರ, ಕಲಿಯುವವರಿಗೆ ಸುಲಭ. ಆದರೆ ದಪ್ಪ ಉಡುಪಿನ ಮೇಲೆ ಪೂರ್ತಿ ಉಬ್ಬಿದಾಗ ಎದೆಯನ್ನು ಬಿಗಿಯಬಹುದು. ಮೂರನೆಯದು ರೆಕ್ಕೆ ಎಂದು ಕರೆಯುವ ಬೆನ್ನಚೀಲ. ಗಟ್ಟಿ ಫಲಕಕ್ಕೂ ಸಿಲಿಂಡರಿಗೂ ನಡುವೆ ಚೀಲವಿದ್ದು, ಮುಂಭಾಗದಲ್ಲಿ ಪಟ್ಟಿಗಳು ಮಾತ್ರ ಇರುತ್ತವೆ. ಎದೆ ಬಿಡುವಾಗಿರುತ್ತದೆ, ಮೈ ಅಡ್ಡಲಾಗಿ ನಿಲ್ಲುತ್ತದೆ, ಡ್ರೈಸೂಟಿನ ಎದೆಯ ಮೇಲಿನ ಕವಾಟ ಕೈಗೆ ಸಿಗುತ್ತದೆ, ಪಟ್ಟಿಯನ್ನು ಉಡುಪಿನ ದಪ್ಪಕ್ಕೆ ತಕ್ಕಂತೆ ಸಡಿಲಿಸಬಹುದು. ಹೆಚ್ಚು ಗಾಳಿ ತುಂಬಿದರೆ ಮೇಲ್ಮೈಯಲ್ಲಿ ಮುಖವನ್ನು ಮುಂದಕ್ಕೆ ತಳ್ಳುವುದು ಇದರ ದೋಷ. ಗಾಳಿಯನ್ನು ಮಿತವಾಗಿ ತುಂಬಿ ಇದನ್ನು ಗೆಲ್ಲಬಹುದು. ಚಳಿನೀರಿಗೆ ಮತ್ತೆ ಮತ್ತೆ ಇಳಿಯುವವನಿಗೆ ಈ ಮೂರನೆಯ ಬಗೆಯೇ ತಕ್ಕುದೆಂದು ನಮಗೆ ತೋರುತ್ತದೆ.

ಮರಗಟ್ಟಿದ ಬೆರಳಿನ ಪರೀಕ್ಷೆ

ಚಳಿನೀರಿನಲ್ಲಿ ಕೈಗಳು ಎರಡು ಬಗೆಯಲ್ಲಿ ಕುರುಡು: ದಪ್ಪ ಕೈಚೀಲ ಒಂದು, ಮರಗಟ್ಟಿದ ಬೆರಳು ಇನ್ನೊಂದು. ಆದುದರಿಂದ ತೇಲಂಗಿಯನ್ನು ಕೊಳ್ಳುವ ಮುನ್ನ ಪೂರ್ಣ ಉಡುಪು ಮತ್ತು ಕೈಚೀಲಗಳನ್ನು ತೊಟ್ಟು, ಕಣ್ಣು ಮುಚ್ಚಿ ಪರೀಕ್ಷಿಸಬೇಕು. ತುಂಬುವ ಗುಂಡಿಗೂ ತೆಗೆಯುವ ಗುಂಡಿಗೂ ವ್ಯತ್ಯಾಸ ಬೆರಳಿಗೆ ತಿಳಿಯುವುದೆ? ಗಾಳಿ ಬಿಡುವ ಹಗ್ಗದ ತುದಿಯ ಗುಂಡು ಹಿಡಿತಕ್ಕೆ ಸಿಗುವುದೆ? ಬಕ್ಕಲು ಕಳಚುವುದೆ? ಸೀಸದ ಜೇಬು ಒಂದೇ ಎಳೆತಕ್ಕೆ ಬರುವುದೆ? ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯ ಕೊಳವೆಯನ್ನು ತೇಲಂಗಿಯಿಂದ ಬೇರ್ಪಡಿಸಲು ಸಾಧ್ಯವೆ?

ಕೊನೆಯ ಪ್ರಶ್ನೆಗೆ ಕಾರಣವಿದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಕವಾಟದ ಬಾಯಿ ತಣ್ಣಗಾಗುವುದನ್ನು ನಾವು ಕಂಡಿದ್ದೇವೆ. ಅಧಿಕ ಒತ್ತಡದ ಗಾಳಿ ಥಟ್ಟನೆ ಹಿಗ್ಗಿದಾಗ ತಣಿಯುತ್ತದೆ. ನೀರೇ 4 ಡಿಗ್ರಿಯಲ್ಲಿದ್ದರೆ ಒತ್ತಡ ಇಳಿಸುವ ಕವಾಟದಲ್ಲಿ ಮಂಜು ಕಟ್ಟಿ ಅದು ತೆರೆದೇ ನಿಲ್ಲಬಹುದು. ಆಗ ಗಾಳಿ ತಡೆಯಿಲ್ಲದೆ ಸುರಿದು ಸಿಲಿಂಡರು ಬರಿದಾಗುತ್ತದೆ, ಇಲ್ಲವೆ ತೇಲಂಗಿ ತಾನಾಗಿ ಉಬ್ಬುತ್ತದೆ. ಆದುದರಿಂದ ಚಳಿನೀರಿನಲ್ಲಿ ಗುಂಡಿಯನ್ನು ಒತ್ತಿ ಹಿಡಿಯದೆ ತಡೆತಡೆದು ಒತ್ತಬೇಕು. ಉಸಿರೆಳೆಯುವ ಗಳಿಗೆಯಲ್ಲಿಯೇ ಒತ್ತಬಾರದು. ತೇಲಂಗಿಗೂ ಡ್ರೈಸೂಟಿಗೂ ಬೇರೆಬೇರೆ ಕೊಳವೆ ಇರಬೇಕು. ಮೇಲೆ ಬಂದ ಬಳಿಕ ಚೀಲದೊಳಗೆ ಸೇರಿದ ನೀರನ್ನು ಪೂರ್ತಿ ಬಸಿಯಬೇಕು. ಉಳಿದ ನೀರು ಹೆಪ್ಪುಗಟ್ಟಿದರೆ ಮುಂದಿನ ಸಲ ಕವಾಟ ಕೈಕೊಡುತ್ತದೆ.

ತುಂಗಭದ್ರೆ ಕಲಿಸುವ ಎರಡು ತಿದ್ದುಪಡಿಗಳು

ಒಂದು ನೀರಿನ ಲೆಕ್ಕವನ್ನು ಇನ್ನೊಂದು ನೀರಿಗೆ ಹಾಗೆಯೇ ಒಯ್ಯಬಾರದು. ಕಡಲಿನ ನೀರಿನ ಸಾಂದ್ರತೆ ಸುಮಾರು 1.025. ಒಟ್ಟು 100 ಲೀಟರು ಗಾತ್ರದ ಮುಳುಗುಗಾರನು ಕಡಲಿನಲ್ಲಿ 102.5 ಕಿಲೋಗ್ರಾಂ ನೀರನ್ನು ಸರಿಸಿದರೆ, ಸಿಹಿನೀರಿನಲ್ಲಿ 100 ಮಾತ್ರ. ಕಡಲಿನಿಂದ ಸರೋವರಕ್ಕೆ ಬಂದವನು ಎರಡೂವರೆ ಕಿಲೋಗ್ರಾಂ ಸೀಸವನ್ನು ಇಳಿಸಬೇಕು.

ಎರಡನೆಯದು ಎತ್ತರ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,633 ಅಡಿ, ಎಂದರೆ ಸುಮಾರು 498 ಮೀಟರು. ಅಲ್ಲಿ ವಾಯುಭಾರ ಸಮುದ್ರಮಟ್ಟದಲ್ಲಿರುವುದರ ಶೇಕಡ 94ರಷ್ಟು. ಹೀಗಾಗಿ ಅಂತಹ ಎತ್ತರದ ಸಿಹಿನೀರಿನಲ್ಲಿ ಒತ್ತಡ ಇಮ್ಮಡಿಯಾಗಲು 10 ಮೀಟರು ಬೇಡ, 9.7 ಸಾಕು. ವ್ಯತ್ಯಾಸ ಚಿಕ್ಕದಾಗಿ ಕಂಡರೂ ರಕ್ತದಲ್ಲಿ ಕರಗಿದ ಸಾರಜನಕದ ಲೆಕ್ಕದಲ್ಲಿ ಅದನ್ನು ಅಲಕ್ಷಿಸುವಂತಿಲ್ಲ. ಸಾಮಾನ್ಯವಾಗಿ 300 ಮೀಟರಿಗಿಂತ ಮೇಲಿರುವ ನೀರಿಗೆ ಬೇರೆಯೇ ಮುಳುಗುಪಟ್ಟಿಗಳನ್ನು ಬಳಸಬೇಕೆಂಬ ನಿಯಮವಿದೆ.

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ಈ ಪಾಠದ ತಿರುಳನ್ನು ಕಾಣಲು ಕಡಲಿಗೆ ಹೋಗಬೇಕಾಗಿಲ್ಲ. ಪ್ಲಾಸ್ಟಿಕ್ಕಿನ ಎತ್ತರದ ಬಾಟಲಿಯೊಂದನ್ನು ನೀರಿನಿಂದ ತುಂಬಿರಿ. ತೂತಿಲ್ಲದ ಪೆನ್ನಿನ ಟೋಪಿಯೊಂದರ ತೆರೆದ ಅಂಚಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ, ಬಾಯಿ ಕೆಳಗಾಗಿ ಒಳಗೆ ಗಾಳಿ ಉಳಿಯುವಂತೆ, ಅದು ನೀರಿನಲ್ಲಿ ತಲೆ ಮಾತ್ರ ಕಾಣುವಷ್ಟು ತೇಲುವ ಹಾಗೆ ಸರಿಪಡಿಸಿರಿ. ಬಾಟಲಿಯ ಮುಚ್ಚಳವನ್ನು ಬಿಗಿದು ಪಕ್ಕಗಳನ್ನು ಒತ್ತಿರಿ. ಟೋಪಿ ಮುಳುಗುತ್ತದೆ, ಕೈಬಿಟ್ಟರೆ ಮೇಲೇಳುತ್ತದೆ. ಈಗ ಅದನ್ನು ಬಾಟಲಿಯ ನಡುವೆ ನಿಶ್ಚಲವಾಗಿ ನಿಲ್ಲಿಸಲು ಯತ್ನಿಸಿರಿ. ಬೆರಳುಗಳು ಗಳಿಗೆಗೊಮ್ಮೆ ಒತ್ತಡವನ್ನು ತಿದ್ದುತ್ತಿರಬೇಕಾಗುತ್ತದೆ. ಒಂದು ಕ್ಷಣ ಮೈಮರೆತರೆ ಟೋಪಿ ಮೇಲಕ್ಕೋ ಕೆಳಕ್ಕೋ ಓಡುತ್ತದೆ. ಮುಳುಗುಗಾರನ ಸ್ಥಿತಿ ಇದೇ.

ಅಭ್ಯಾಸಕ್ಕಾಗಿ ಒಂದು ಪ್ರಶ್ನೆಯನ್ನು ಕೊಡುತ್ತೇವೆ. 5 ಮಿಲಿಮೀಟರಿನ ಉಡುಪು ತೊಟ್ಟು, ಒಂದೇ ಸಿಲಿಂಡರಿನೊಡನೆ 20 ಮೀಟರಿಗೆ ಇಳಿಯುವವನಿಗೆ ತೇಲಂಗಿಯಲ್ಲಿ ಎಷ್ಟು ಲೀಟರು ಗಾಳಿ ಬೇಕು? ಮೇಲಿನ ಕ್ರಮದಲ್ಲಿ ಲೆಕ್ಕ ಮಾಡಿದರೆ ಏಳು ಲೀಟರಿನ ಸಮೀಪಕ್ಕೆ ಬರಬೇಕು.

ಲೆಕ್ಕ ಬಂದ ಮಾತ್ರಕ್ಕೆ ಯಾರೂ ನೀರಿಗಿಳಿಯತಕ್ಕುದಲ್ಲ. ತರಬೇತಿ ಪಡೆದ ಬೋಧಕನ ಕಣ್ಣೆದುರಿನಲ್ಲಿ, ಮೊದಲು ಕೊಳದಲ್ಲಿ, ಬಳಿಕ ಆಳವಲ್ಲದ ಕಡಲಿನಲ್ಲಿ ಕಲಿತು ಮುಂದುವರಿಯಬೇಕು. ಜಲಾಶಯ, ಹೊಳೆಯ ಸುಳಿ, ಗಣಿಯ ಹೊಂಡ ಇವು ಅಭ್ಯಾಸದ ಸ್ಥಳಗಳಲ್ಲ. ಹರಿಗೋಲು ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುತ್ತದೆ. ಮುಳುಗುಗಾರನ ಸಮತೋಲವನ್ನು ಕಾಯುವುದು ಅವನ ಅರಿವು. ತೇಲಂಗಿ ಆ ಅರಿವಿನ ಕೈಯಲ್ಲಿರುವ ಉಪಕರಣ ಮಾತ್ರ.